ಬೂಷ್ಟಿಗೆ ಬೂಷ್ಟೇ ಕಾವಲು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಕಂಪ್ಯೂಟರ್ ಓದಿದವನು, ಕೃತಕ ಬುದ್ಧಿಮತ್ತೆ ಬಗ್ಗೆ ಅರ್ಧ ಗಂಟೆ ಮಾತಾಡು" ಅಂದರು. ನಾನು ಬೂಷ್ಟಿನ ಬಗ್ಗೆ ಮಾತಾಡ್ತೀನಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಹಾಲಿಗೆ ಹಾಕಿ ಕುಡಿಯುವ ಬೂಸ್ಟ್ ಅಂದುಕೊಂಡರೋ ಏನೋ. ಅದಲ್ಲ. ಮಳೆಗಾಲದಲ್ಲಿ ಚಪ್ಪಲಿ ಮೇಲೆ, ಉಪ್ಪಿನಕಾಯಿ ಜಾಡಿಯಲ್ಲಿ, ಒಣಗದ ಶೇಂಗಾ ಚೀಲದೊಳಗೆ ಬರುತ್ತದಲ್ಲ, ಆ ಬೂಷ್ಟು.

ಬಿ.ಇ. ಮಾಡಿದವನಿಗೂ ಬೂಷ್ಟಿಗೂ ಏನು ಸಂಬಂಧ ಅಂತ ಕೇಳಬಹುದು. ಕೆಲವು ವರ್ಷಗಳಿಂದ ನನ್ನ ಕೆಲಸ ಶೇಂಗಾ ಬೀಜ ಆರಿಸುವ ಯಂತ್ರಗಳಿಗೆ ತಂತ್ರಾಂಶ ಬರೆಯುವುದು. ಬೀಜ ಮೇಲಿಂದ ಸುರಿಯುತ್ತದೆ, ಕ್ಯಾಮೆರಾ ನೋಡುತ್ತದೆ, ಕಪ್ಪಾದದ್ದೋ ಮುರುಟಿದ್ದೋ ಕಂಡರೆ ಗಾಳಿ ಊದಿ ಪಕ್ಕಕ್ಕೆ ಹಾರಿಸುತ್ತದೆ. ನಮ್ಮ ಅಮ್ಮಂದಿರು ಮೊರ ಹಿಡಿದು ಮಾಡುವ ಕೆಲಸವೇ; ಸ್ವಲ್ಪ ಬೇಗ ಆಗುತ್ತದೆ, ಬಹಳ ದುಡ್ಡು ತಗೊಳ್ಳುತ್ತದೆ, ಅಷ್ಟೇ. ಒಮ್ಮೆ ನಮ್ಮ ಯಂತ್ರ ಆರಿಸಿದ ಬೀಜ ಕಂಟೈನರಿನಲ್ಲಿ ಯುರೋಪಿಗೆ ಹೋಗಿ, ಬಂದರಿನಲ್ಲೇ ತಿರಸ್ಕಾರವಾಯಿತು. ಬೀಜ ನೋಡಿದರೆ ಮುತ್ತಿನ ಹಾಗೆ ಇತ್ತು. ಕಾರಣ ಒಂದೇ ಪದ: ಅಫ್ಲಾಟಾಕ್ಸಿನ್. ಅಂದಿನಿಂದ ಆ ಪದದ ಬೆನ್ನು ಹತ್ತಿದ್ದೇನೆ.

ಯುರೋಪಿನವರು ನೇರವಾಗಿ ತಿನ್ನುವ ಶೇಂಗಾಕ್ಕೆ ಇಟ್ಟಿರುವ ಮಿತಿ ಕಿಲೋಗೆ 4 ಮೈಕ್ರೋಗ್ರಾಂ. ಹಾಗೆ ಹೇಳಿದರೆ ಅರ್ಥವಾಗುವುದಿಲ್ಲ. ಒಂದು ಟನ್ ಬೀಜದಲ್ಲಿ ಒಟ್ಟು 4 ಮಿಲಿಗ್ರಾಂ. ಕೆಲವೇ ಕೆಲವು ಸಕ್ಕರೆ ಹರಳಿನಷ್ಟು ತೂಕ. ಅಮೆರಿಕದವರ ಮಿತಿ ಕಿಲೋಗೆ 20 ಮೈಕ್ರೋಗ್ರಾಂ. ಯಾಕಿಷ್ಟು ಹೆದರಿಕೆ ಅಂದರೆ, ಈ ವಿಷದ ಬಿ1 ಅನ್ನುವ ಬಗೆ ಮನುಷ್ಯನ ಪಿತ್ತಜನಕಾಂಗಕ್ಕೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿರುವ ವಸ್ತುಗಳ ಪಟ್ಟಿಯಲ್ಲಿದೆ. ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಎಷ್ಟೋ ಪಟ್ಟು ಹೆಚ್ಚು. ಹುರಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೇಯಿಸಿದರೂ ಅಷ್ಟೇ.

ಈ ವಿಷ ಜಗತ್ತಿಗೆ ಗೊತ್ತಾದದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಯಾವ ರೋಗವೆಂದು ತಿಳಿಯದೆ ಅದಕ್ಕೆ 'ಟರ್ಕಿ ಎಕ್ಸ್' ಎಂದು ಹೆಸರಿಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಬ್ರೆಜಿಲ್‌ನಿಂದ ತಂದ ಶೇಂಗಾ ಹಿಂಡಿ. ಹಿಂಡಿಯಲ್ಲಿ ಬೆಳೆದಿದ್ದ ಶಿಲೀಂಧ್ರ ಆಸ್ಪರ್ಜಿಲ್ಲಸ್ ಫ್ಲೇವಸ್. ಅದರ ಹೆಸರಿನ ತುಂಡುಗಳನ್ನೇ ಜೋಡಿಸಿ ಅದರ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದರು.

ಅದು ಕೋಳಿಯ ಕಥೆ. ಮನುಷ್ಯರ ಕಥೆ ನಮ್ಮ ದೇಶದ್ದೇ. ನಮ್ಮ ಶಾಲೆ ಶುರುವಾದ 1974ರಲ್ಲಿ, ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸ್ವಾಡಾ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು ಶುರುವಾಯಿತು. ಸುಮಾರು 400 ಜನರಿಗೆ ಕಾಯಿಲೆ, 100ಕ್ಕೂ ಹೆಚ್ಚು ಸಾವು. ಮನೆಯ ಊಟವನ್ನೇ ತಿನ್ನುತ್ತಿದ್ದ ನಾಯಿಗಳೂ ಅದೇ ಲಕ್ಷಣ ತೋರಿಸಿ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಅವರ ಸಂಗಡಿಗರು ಹೋಗಿ ನೋಡಿದಾಗ, ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಿದ್ದು, ಒದ್ದೆಯಾಗಿಯೇ ಮನೆ ಸೇರಿದ್ದ ಮೆಕ್ಕೆಜೋಳದಲ್ಲಿ ಈ ವಿಷ ತುಂಬಿಕೊಂಡಿತ್ತು. ಬಡವರಿಗೆ ಬೇರೆ ಧಾನ್ಯವಿರಲಿಲ್ಲ, ಬೂಷ್ಟು ಉಜ್ಜಿ ತಿಂದರು. ನಮ್ಮ ಬ್ಯಾಚು ಎಸ್ಸೆಸ್ಸೆಲ್ಸಿ ಪಾಸಾದ 2004ರಲ್ಲಿ ಕೀನ್ಯಾದಲ್ಲಿ ಅದೇ ಮೆಕ್ಕೆಜೋಳ, ಅದೇ ಕಾಮಾಲೆ: 317 ಜನರಿಗೆ ಕಾಯಿಲೆ, 125 ಸಾವು.

ಹೀಗೆ ಒಮ್ಮೆಲೇ ಕೊಲ್ಲುವುದು ಅಪರೂಪ. ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗುವುದೇ ಹೆಚ್ಚು. ಕಣ್ಣಿಗೆ ಕಾಣದ್ದನ್ನು ಹೊಲದಲ್ಲಿ ಹೇಗೆ ತಡೆಯುವುದು? ಇಲ್ಲಿಂದ ನನಗೆ ಬಹಳ ಇಷ್ಟವಾದ ಭಾಗ ಶುರು.

ಈ ಶಿಲೀಂಧ್ರ ಎಲ್ಲಿಂದಲೋ ಬರುವುದಿಲ್ಲ, ನಮ್ಮ ಮಣ್ಣಿನಲ್ಲೇ ಇದೆ. ಬಿದ್ದ ಎಲೆ, ಒಣಗಿದ ಬೇರು ತಿಂದುಕೊಂಡು ಬದುಕುತ್ತದೆ. ಶೇಂಗಾದ ಹೂವಿನಿಂದ ಸೂಜಿಯಂಥ ಮೊನೆ ಮಣ್ಣಿಗೆ ಇಳಿದು ಕಾಯಾಗುತ್ತದಲ್ಲ, ಅದು ಇಳಿಯುವುದೇ ಇದರ ಮನೆಯೊಳಗೆ. ಕೊನೆಯ ತಿಂಗಳು ಮಳೆ ಕೈಕೊಟ್ಟು, ಭೂಮಿ ಕಾದು, ಗಿಡ ಬಾಡಿದಾಗ ಕಾಯಿಗೆ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಗೆದ್ದಲು ಕೊರೆದ ತೂತೋ ಸಿಪ್ಪೆಯ ಬಿರುಕೋ ಸಿಕ್ಕರೆ ಶಿಲೀಂಧ್ರ ಒಳಗೆ. ನಮ್ಮ ಕಡೆ ಕೊನೆಯ ತಿಂಗಳು ಮಳೆ ಕೈಕೊಡದ ವರ್ಷ ಯಾವುದು ಹೇಳಿ.

ಆದರೆ ಈ ಜಾತಿಯ ಎಲ್ಲವೂ ವಿಷ ಮಾಡುವುದಿಲ್ಲ. ಕೆಲವು ವಂಶಗಳು ಭಯಂಕರ, ಕೆಲವು ಸಾಧಾರಣ, ಇನ್ನು ಕೆಲವು ಒಂದು ಹನಿ ವಿಷವನ್ನೂ ಮಾಡಲಾರವು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಪೀಟರ್ ಕಾಟಿ ಇದನ್ನು ಗಮನಿಸಿದರು. ಅರಿಜೋನಾದಲ್ಲಿ ಹತ್ತಿಬೀಜವನ್ನು ಹಸುಗಳಿಗೆ ಹಾಕುತ್ತಾರೆ. ಬೀಜದಲ್ಲಿ ವಿಷವಿದ್ದರೆ ಹಾಲಿಗೆ ಬರುತ್ತದೆ. ಅಲ್ಲಿನ ಹತ್ತಿ ಹೊಲದಲ್ಲೇ ವಿಷ ಮಾಡದ ಒಂದು ವಂಶ ಸಿಕ್ಕಿತು. ಅದಕ್ಕೆ ಎಎಫ್36 ಎಂದು ಹೆಸರು.

ಅದು ಯಾಕೆ ವಿಷ ಮಾಡುವುದಿಲ್ಲ ಎಂದು ಓದಿದಾಗ, ತಂತ್ರಾಂಶ ಬರೆಯುವವನಾಗಿ ನಾನು ಕುರ್ಚಿಯಿಂದ ಎದ್ದು ನಿಂತೆ. ಈ ವಿಷ ತಯಾರಾಗುವುದು ಒಂದು ಕಾರ್ಖಾನೆಯ ಹಾಗೆ. ಒಂದರ ಪಕ್ಕ ಒಂದು ಕೂತ 25ಕ್ಕೂ ಹೆಚ್ಚು ಜೀನುಗಳು ಹಂತ ಹಂತವಾಗಿ ಕೆಲಸ ಮಾಡಬೇಕು. ಎಎಫ್36ರಲ್ಲಿ ಆರಂಭದ ಹಂತದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಆ ಅಕ್ಷರದಿಂದಾಗಿ 'ಇಲ್ಲಿಗೆ ನಿಲ್ಲು' ಅನ್ನುವ ಆಜ್ಞೆ ಬರಬಾರದ ಕಡೆ ಬಂದು ಕೂತಿದೆ. ಮುಂದಿನದೇನೂ ನಡೆಯುವುದಿಲ್ಲ. ನಮ್ಮ ಆಫೀಸಿನಲ್ಲಿ ಇಂಥದ್ದೇ ಒಂದಕ್ಷರದ ತಪ್ಪಿಗೆ ರಾತ್ರಿಯೆಲ್ಲ ನಿದ್ದೆ ಕೆಡುತ್ತೇವೆ. ಪ್ರಕೃತಿಯಲ್ಲಿ ಆದ ಆ ತಪ್ಪನ್ನು ಇವರು ಔಷಧಿ ಮಾಡಿಕೊಂಡರು. ಜಾರ್ಜಿಯಾದ ಶೇಂಗಾ ಸಂಶೋಧಕರು ಆರಿಸಿಕೊಂಡ ಇನ್ನೊಂದು ವಂಶದಲ್ಲಂತೂ ಆ ಕಾರ್ಖಾನೆಯೇ ಇಲ್ಲ, ಇಡೀ ಜೀನುಗಳ ಸಾಲೇ ಬಿದ್ದುಹೋಗಿದೆ. ಎರಡನ್ನೂ ಯಾರೂ ಪ್ರಯೋಗಶಾಲೆಯಲ್ಲಿ ತಿದ್ದಿದ್ದಲ್ಲ, ಹೊಲದಲ್ಲಿ ಹುಡುಕಿ ತೆಗೆದದ್ದು.

ಈ ವಿಷವಿಲ್ಲದ ಬೂಷ್ಟನ್ನು ಹೊಲಕ್ಕೆ ಬೇಕಂತಲೇ ಹಾಕುತ್ತಾರೆ. ನಮ್ಮ ದೊಡ್ಡಪ್ಪನಿಗೆ ಇದನ್ನು ಹೇಳಿದಾಗ, "ಅಲ್ಲೋ ತಮ್ಮಾ, ಬೂಷ್ಟು ಬರಬಾರದು ಅಂತ ನಾವು ಒದ್ದಾಡ್ತಿದ್ರೆ, ನೀನು ಚೀಲದಲ್ಲಿ ತಂದು ಚೆಲ್ಲು ಅಂತೀಯಲ್ಲ, ತಲೆ ನೆಟ್ಟಗಿದೆಯಾ?" ಅಂದರು. ಅವರಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ಸಂತೆ ದಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆಯುತ್ತೀರಲ್ಲ? ಆಮೇಲೆ ಎಷ್ಟೇ ಗಟ್ಟಿಗ ಹತ್ತಲಿ, ಸೀಟು ನಿಮ್ಮದು. ಇದೂ ಹಾಗೇ. ಕಾಯಿಯಲ್ಲಿ, ಮಣ್ಣಿನಲ್ಲಿ, ಉದುರಿದ ಎಲೆಯಲ್ಲಿ ಇರುವ ಜಾಗ ಅಷ್ಟೇ. ವಿಷವಿಲ್ಲದ್ದು ಮೊದಲು ಬಂದು ಕೂತರೆ ವಿಷದ್ದಕ್ಕೆ ಜಾಗವಿಲ್ಲ. ಎರಡೂ ಒಂದೇ ಜಾತಿಯಾದ್ದರಿಂದ ಒಂದೇ ಊಟ, ಒಂದೇ ಹವೆ, ಒಂದೇ ಅಭ್ಯಾಸ. ಪೈಪೋಟಿಗೆ ಇದಕ್ಕಿಂತ ಸರಿಜೋಡಿ ಸಿಗುವುದಿಲ್ಲ. ನೀವು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸುವ ಟ್ರೈಕೋಡರ್ಮಾ ಬೇರೆ ಜಾತಿಯ ಶಿಲೀಂಧ್ರ. ಅದು ಶತ್ರುವಿನ ಮೇಲೆ ಬಿದ್ದು ತಿನ್ನುವ ಪೈಲ್ವಾನ. ಇದು ಹೊಡೆದಾಟಕ್ಕೆ ಹೋಗುವುದಿಲ್ಲ, ಸೀಟು ಹಿಡಿಯುತ್ತದೆ.

ಟವೆಲ್ ಎಸೆಯಲು ಹೊತ್ತು ಮುಖ್ಯ. ಬಸ್ಸು ತುಂಬಿದ ಮೇಲೆ ಎಸೆದು ಫಲವಿಲ್ಲ. ಮೆಕ್ಕೆಜೋಳಕ್ಕೆ ಹೂ ಬರುವ ಎರಡು ಮೂರು ವಾರ ಮೊದಲು, ಶೇಂಗಾಕ್ಕೆ ಕಾಯಿ ಕಟ್ಟುವ ಮೊದಲು, ಮಣ್ಣಲ್ಲಿ ಹಸಿ ಇರುವಾಗ ಚೆಲ್ಲಬೇಕು. ಒಣ ಮಣ್ಣಿಗೆ ಚೆಲ್ಲಿದರೆ ಇರುವೆ, ಹಕ್ಕಿಗಳಿಗೆ ಹಬ್ಬ.

ಅಮೆರಿಕದಲ್ಲಿ ಹತ್ತಿಗೆ 2003ರಲ್ಲಿ, ಶೇಂಗಾಕ್ಕೆ 2004ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಆದರೆ ನಮಗೆ ಹತ್ತಿರದ ಕಥೆ ಆಫ್ರಿಕಾದ್ದು. ನೈಜೀರಿಯಾದ ಇಬಾದಾನ್‌ನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ ಈ ಕೆಲಸದ ಮುಂದಾಳಾಗಿದ್ದವರು ನಮ್ಮ ದೇಶದವರೇ, ರಣಜಿತ್ ಬಂದ್ಯೋಪಾಧ್ಯಾಯ. ಅದಕ್ಕೂ ಮೊದಲು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್‌ನಲ್ಲಿ ಜೋಳದ ಕಾಳಿಗೆ ಹತ್ತುವ ಬೂಷ್ಟಿನ ಮೇಲೆ ವರ್ಷಗಟ್ಟಲೆ ದುಡಿದವರು. ಅವರೂ ಪೀಟರ್ ಕಾಟಿಯೂ ಸೇರಿ ನೈಜೀರಿಯಾದ ಹೊಲಗಳಿಂದ ಸಾವಿರಾರು ಶಿಲೀಂಧ್ರಗಳನ್ನು ಒಂದೊಂದಾಗಿ ಬೆಳೆಸಿ, ವಿಷ ಮಾಡದ, ಬೇಗ ಹರಡುವ, ಆ ನೆಲದವೇ ಆದ ನಾಲ್ಕು ವಂಶಗಳನ್ನು ಆರಿಸಿದರು. ಅದರಿಂದ ಬಂದದ್ದು 'ಅಫ್ಲಾಸೇಫ್'.

ಅದನ್ನು ಮಾಡುವ ಬಗೆ ಕೇಳಿದರೆ ನಗು ಬರುತ್ತದೆ, ಅಷ್ಟು ಸರಳ. ನಮ್ಮ ರೊಟ್ಟಿಯ ಜೋಳವನ್ನೇ ತಗೊಂಡು, ಮೊಳಕೆ ಬರದ ಹಾಗೆ ಹುರಿದು, ಆರಿಸಿ, ಅದಕ್ಕೆ ಶಿಲೀಂಧ್ರದ ಬೀಜಕಣಗಳನ್ನು ಅಂಟಿನ ಜೊತೆ ಲೇಪಿಸುತ್ತಾರೆ. ಯಾರೂ ತಿನ್ನುವ ಕಾಳೆಂದು ತಪ್ಪು ತಿಳಿಯಬಾರದೆಂದು ನೀಲಿ ಬಣ್ಣ ಹಾಕುತ್ತಾರೆ. ಹೆಕ್ಟೇರಿಗೆ 10 ಕಿಲೋ, ಅಂದರೆ ನಮ್ಮ ಎಕರೆಗೆ 4 ಕಿಲೋ. ಯೂರಿಯಾ ಚೆಲ್ಲಿದ ಹಾಗೆ ಕೈಯಲ್ಲಿ ಚೆಲ್ಲಿಕೊಂಡು ಹೋಗುವುದು. ಎರಡು ಮೂರು ದಿನಕ್ಕೆ ಕಾಳಿನ ಮೇಲೆ ಹಸಿರು ಬೂಷ್ಟು ಏಳುತ್ತದೆ, ಗಾಳಿಗೆ ಹರಡುತ್ತದೆ. ರೈತರ ಹೊಲಗಳಲ್ಲಿ ಅಳೆದು ನೋಡಿದಾಗ, ಚೆಲ್ಲದ ಹೊಲಕ್ಕಿಂತ ವಿಷ ಸಾಮಾನ್ಯವಾಗಿ ನೂರಕ್ಕೆ 80ರಿಂದ 90ರಷ್ಟು ಕಡಿಮೆ, ಎಷ್ಟೋ ಕಡೆ ಅದಕ್ಕಿಂತಲೂ ಹೆಚ್ಚು. ಹೊಲದಲ್ಲಿ ಪಡೆದ ರಕ್ಷಣೆ ಚೀಲದೊಳಗೂ ಬರುತ್ತದೆ, ಯಾಕೆಂದರೆ ಕಾಳಿನ ಜೊತೆ ಗೋದಾಮಿಗೆ ಹೋಗುವುದು ವಿಷವಿಲ್ಲದ ಬೂಷ್ಟೇ. ಒಂದು ವರ್ಷ ಚೆಲ್ಲಿದ್ದು ಮುಂದಿನ ಬೆಳೆಗೂ ಸ್ವಲ್ಪ ಉಳಿಯುತ್ತದೆ. ನೈಜೀರಿಯಾ ಬಿಟ್ಟು ಕೀನ್ಯಾ, ಸೆನೆಗಲ್, ಘಾನಾ, ತಾಂಜಾನಿಯಾ ಮುಂತಾದ ದೇಶಗಳು ತಮ್ಮ ತಮ್ಮ ನೆಲದ ವಂಶಗಳನ್ನೇ ಹುಡುಕಿ ತಮ್ಮದೇ ಸರಕು ಮಾಡಿಕೊಂಡಿವೆ.

ಇದರಲ್ಲಿ ತೊಂದರೆಯೇ ಇಲ್ಲ ಎಂದು ಹೇಳಿದರೆ ನಾನು ಔಷಧಿ ಅಂಗಡಿಯವನಾಗುತ್ತೇನೆ. ಎಎಫ್36 ಅಫ್ಲಾಟಾಕ್ಸಿನ್ ಮಾಡದಿದ್ದರೂ ಸೈಕ್ಲೋಪಿಯಾಜೋನಿಕ್ ಆಮ್ಲ ಎಂಬ ಇನ್ನೊಂದು ವಿಷ ಮಾಡಬಲ್ಲದು. ಅದಕ್ಕೇ ಅದನ್ನೂ ಮಾಡದ ವಂಶವೇ ಮೇಲು ಎಂದು ವಾದಿಸುವವರಿದ್ದಾರೆ, ಅವರ ಮಾತು ನನಗೆ ಸರಿ ಕಾಣುತ್ತದೆ. ಒಳ್ಳೆಯದು ಕೆಟ್ಟದರ ಜೊತೆ ಬೆರೆತು ಮುಂದೆ ವಿಷ ಮಾಡುವ ಸಂತಾನ ಹುಟ್ಟಿದರೆ? ಈ ಶಿಲೀಂಧ್ರ ಬಹುಮಟ್ಟಿಗೆ ತನ್ನಷ್ಟಕ್ಕೆ ತಾನೇ ಪ್ರತಿ ತೆಗೆದುಕೊಂಡು ಬೆಳೆಯುವಂಥದ್ದು, ಬೆರಕೆ ಅಪರೂಪ, ಆದರೆ ಅಸಾಧ್ಯವಲ್ಲ. ಆದ್ದರಿಂದ ಕಣ್ಣಿಡಲೇಬೇಕು. ಉಸಿರಾಟದ ಕಾಯಿಲೆ ಇದ್ದವರು, ರೋಗನಿರೋಧಕ ಶಕ್ತಿ ಕುಂದಿದವರು ಯಾವ ಬೂಷ್ಟಿನ ಧೂಳನ್ನೂ ಮುಟ್ಟಬಾರದು. ಚೆಲ್ಲುವವರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಆಫ್ರಿಕಾದ ಚೀಲ ತಂದು ನಮ್ಮ ಹೊಲಕ್ಕೆ ಸುರಿಯುವ ಹಾಗೂ ಇಲ್ಲ. ನಮ್ಮ ಮಣ್ಣಿನ ವಂಶವೇ ಬೇಕು, ಅದು ಪರೀಕ್ಷೆಯಾಗಬೇಕು, ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು. ಮನೆಯಲ್ಲೇ ಬೂಷ್ಟು ಬೆಳೆಸಿ ಚೆಲ್ಲುವ ಉತ್ಸಾಹ ಯಾರಿಗಾದರೂ ಬಂದರೆ, ದಯವಿಟ್ಟು ಬೇಡ. ಯಾವುದು ಸಾಧು, ಯಾವುದು ಕೊಲೆಗಾರ ಎಂದು ಬಣ್ಣ ನೋಡಿ ಯಾರೂ ಹೇಳಲಾರರು.

ಇವೆಲ್ಲಕ್ಕಿಂತ ದೊಡ್ಡ ತೊಡಕು ದುಡ್ಡಿನದು. ನಮ್ಮ ಮಾರುಕಟ್ಟೆಯಲ್ಲಿ ದಲ್ಲಾಳಿ ಒಂದು ಹಿಡಿ ಕಾಯಿ ಒಡೆದು ಬೀಜ ನೋಡುತ್ತಾನೆ, ಗಾತ್ರ ನೋಡುತ್ತಾನೆ, ಒಂದು ಬಾಯಿಗೆ ಹಾಕಿಕೊಳ್ಳುತ್ತಾನೆ, ರೇಟು ಹೇಳುತ್ತಾನೆ. ವಿಷ ಅಳೆಯುವುದಿಲ್ಲ. ಅಳೆಯದ ಗುಣಕ್ಕೆ ಹೆಚ್ಚು ರೇಟು ಯಾರು ಕೊಡುತ್ತಾರೆ? ರೇಟು ಸಿಗದಿದ್ದರೆ ರೈತ ಎಕರೆಗೆ ನಾಲ್ಕು ಕಿಲೋ ನೀಲಿ ಜೋಳ ಯಾಕೆ ಕೊಂಡಾನು? ನೈಜೀರಿಯಾದಲ್ಲೂ ಇದೇ ಪ್ರಶ್ನೆ ಎದ್ದಿತು. ಅಲ್ಲಿ ರೈತರ ಗುಂಪುಗಳನ್ನು ಒಟ್ಟುಗೂಡಿಸುವವರಿಗೆ, ಉಪಚಾರ ಮಾಡಿದ ಮೆಕ್ಕೆಜೋಳದ ತೂಕಕ್ಕೆ ತಕ್ಕಂತೆ ಪ್ರೋತ್ಸಾಹಧನ ಕೊಡುವ ಯೋಜನೆ ಮಾಡಿದರು. ಕೋಳಿ ಆಹಾರ ಮಾಡುವ ಕಂಪನಿಗಳೂ ಶುದ್ಧ ಕಾಳಿಗೆ ಹೆಚ್ಚು ಕೊಡಲು ಮುಂದೆ ಬಂದವು, ಯಾಕೆಂದರೆ ಕೋಳಿ ಸತ್ತರೆ ಅವರಿಗೆ ಲೆಕ್ಕ ಸಿಗುತ್ತದೆ. ಮನುಷ್ಯನ ಪಿತ್ತಜನಕಾಂಗ ಇಪ್ಪತ್ತು ವರ್ಷದ ಮೇಲೆ ಕೆಟ್ಟರೆ ಯಾವ ಲೆಕ್ಕದ ಪುಸ್ತಕದಲ್ಲೂ ಶೇಂಗಾದ ಹೆಸರು ಬರುವುದಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆಯೇ. ನಮ್ಮ ಯಂತ್ರ ಆರಿಸಿ ಹೊರಗೆ ಊದಿದ ಬೀಜ ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನ ಕೇಳಿದೆ. ಎಣ್ಣೆ ಮಿಲ್ಲಿಗೆ. ವಿಷ ಹೆಚ್ಚು ಇರುವುದು ಅದರಲ್ಲೇ. ಒಂದು ಚೀಲದ ವಿಷವೆಲ್ಲ ಕೆಲವೇ ಮುರುಟು ಬೀಜಗಳಲ್ಲಿ ಇರಬಹುದು. ಎಣ್ಣೆ ತೆಗೆದಾಗ ವಿಷದ ಹೆಚ್ಚು ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ಹಸುವಿಗೆ. ತಿಂದ ಒಂದೇ ದಿನದಲ್ಲಿ ಅದರ ರೂಪಾಂತರ, ಎಂ1 ಅನ್ನುವುದು, ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೆ ಹೋಗುವುದಿಲ್ಲ. ಹಾಲಿನಲ್ಲಿ ನಮ್ಮ ದೇಶದ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ, ಯುರೋಪಿನದು ಅದರ ಹತ್ತನೇ ಒಂದು ಭಾಗ. ಹೊರದೇಶದ ಮಕ್ಕಳಿಗೆ ಬೇಡವಾದದ್ದು ಸುತ್ತಿ ಬಳಸಿ ಬಂದು ಬೀಳುವುದು ನಮ್ಮ ಮಕ್ಕಳ ಲೋಟಕ್ಕೆ. ಇಲ್ಲಿ ಕೂತಿರುವ ತಾಯಂದಿರು ಬೀಜ ಆರಿಸುವಾಗ ಕಪ್ಪಾದದ್ದನ್ನು ಬೇರೆ ತೆಗೆದು, "ದಂಡ ಯಾಕೆ" ಅಂತ ಹಸುವಿನ ಬಾನಿಗೋ ಕೋಳಿಗೋ ಹಾಕುತ್ತಾರೆ. ಕೈಮುಗಿದು ಕೇಳುತ್ತೇನೆ, ಅದನ್ನು ಹಾಕಬೇಡಿ. ಒಲೆಗೆ ಹಾಕಿ, ಇಲ್ಲವೇ ಹೂಳಿ. ಹಸುವಿಗೆ ನಿಲ್ಲಿಸಿದರೆ ಕೆಲವು ದಿನಗಳಲ್ಲೇ ಹಾಲು ಶುದ್ಧವಾಗುತ್ತದೆ.

ಗಾಣದ ಎಣ್ಣೆಯ ಮಾತೂ ಇಲ್ಲೇ ಬರುತ್ತದೆ. ಬೆಂಗಳೂರಿನಲ್ಲಿ ಈಗ ಅದಕ್ಕೆ ಬಹಳ ಬೇಡಿಕೆ, ನಮ್ಮವರೂ ಇಬ್ಬರು ಗಾಣ ಹಾಕಿದ್ದಾರೆ, ಸಂತೋಷ. ಆದರೆ ರಿಫೈನ್ ಮಾಡುವಾಗ ಈ ವಿಷ ಹೊರಟುಹೋಗುತ್ತದೆ, ಗಾಣದಲ್ಲಿ ಆ ಹಂತವೇ ಇಲ್ಲ. ಗಾಣದ ತಪ್ಪಲ್ಲ ಅದು. ಗಾಣಕ್ಕೆ ಹಾಕುವ ಬೀಜ ತಿನ್ನುವ ಬೀಜದಷ್ಟೇ ಆರಿಸಿದ್ದಾಗಿರಬೇಕು.

ನಮ್ಮ ಮಣ್ಣಿನ ಸಾಧು ಬೂಷ್ಟು ಚೀಲದಲ್ಲಿ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಹೂ ಹೊತ್ತಿನಲ್ಲಿ ಜಿಪ್ಸಂ ಕೊಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ, ಇದು ನಿಮಗೆ ಗೊತ್ತಿರುವುದೇ. ಕೊನೆಯ ತಿಂಗಳು ಕೃಷಿಹೊಂಡದಲ್ಲಿ ನೀರಿದ್ದರೆ ಒಂದು ಬಾರಿ ಕೊಡಿ. ಬಲಿತ ಕೂಡಲೇ ಕೀಳಿ, ಒಣಗಿ ಸತ್ತ ಗಿಡದ ಕಾಯಿಯನ್ನು ಬೇರೆ ಇಡಿ. ಕಿತ್ತ ಗಿಡವನ್ನು ಕಾಯಿ ಮೇಲಾಗಿ, ಸೊಪ್ಪು ಕೆಳಗಾಗಿ ತಿರುಗಿಸಿ ಹರಡಿ. ಹಸಿಯಾಗಿ ಬಣವೆ ಒಟ್ಟಬೇಡಿ. ಸಿಪ್ಪೆ ಬಿಡಿಸಲು ಸುಲಭವಾಗಲಿ ಅಂತ ಕಾಯಿಗೆ ನೀರು ಚಿಮುಕಿಸುವ ಅಭ್ಯಾಸ ಇದೆಯಲ್ಲ, ಅದು ಬೂಷ್ಟಿಗೆ ಆಹ್ವಾನಪತ್ರಿಕೆ. ಕೂಲಿ ಎರಡು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ, ಒಣಗಿದ್ದನ್ನೇ ಬಿಡಿಸಿ. ಬೀಜದಲ್ಲಿ ತೇವ ನೂರಕ್ಕೆ 8ಕ್ಕಿಂತ ಕೆಳಗೆ ಇಳಿದ ಮೇಲೆಯೇ ಚೀಲ ಹೊಲಿಯಬೇಕು. ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು; ಒಳ್ಳೆಯ ಅಂದಾಜು, ಆದರೆ 8 ಯಾವುದು, 11 ಯಾವುದು ಅಂತ ಗಲಗಲ ಹೇಳುವುದಿಲ್ಲ.

ಅದಕ್ಕೇ 2004ರ ಬ್ಯಾಚಿನವರು ಸೇರಿ ಎರಡು ತೇವಾಂಶ ಮಾಪಕ ತಂದಿದ್ದೇವೆ. ಇಲ್ಲೇ ಮೇಜಿನ ಮೇಲಿವೆ. ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಇರುತ್ತವೆ, ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಸುಗ್ಗಿಯ ಎರಡು ತಿಂಗಳು ಸಂಜೆ ನಾಲ್ಕೂವರೆಯಿಂದ ಐದೂವರೆವರೆಗೆ ಒಂಬತ್ತನೆಯ ತರಗತಿಯ ಮಕ್ಕಳು ಅಳೆದುಕೊಡುತ್ತಾರೆ, ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಒಂದು ಪಾವು ಬೀಜ ತಂದರೆ ಸಾಕು. ಇಕ್ರಿಸ್ಯಾಟ್‌ನವರು ಕಡಿಮೆ ಖರ್ಚಿನಲ್ಲಿ ವಿಷ ಅಳೆಯುವ ಎಲಿಸಾ ಪರೀಕ್ಷೆ ರೂಪಿಸಿದ್ದಾರೆ. ಈ ಸುಗ್ಗಿಯಲ್ಲಿ ಊರಿನ 20 ಹೊಲಗಳ ಬೀಜವನ್ನು ಒಂದು ಪ್ರಯೋಗಾಲಯಕ್ಕೆ ಕಳಿಸುವ ಖರ್ಚು ನಮ್ಮದು. ಹೆಸರು ಯಾರಿಗೂ ಹೇಳುವುದಿಲ್ಲ, ಚೀಟಿಯ ಮೇಲೆ ನಂಬರ್ ಮಾತ್ರ. ಕೆರೆ ಹಿಂದಿನ ಕೆಂಪು ನೆಲದವರು ಐದು ಜನ, ಎರೆ ಕಡೆಯವರು ಐದು ಜನ ಆಗಲೇ ಒಪ್ಪಿದ್ದಾರೆ. ಉಳಿದ ಹತ್ತು ಜನ ಊಟ ಮುಗಿಸಿಕೊಂಡು, ಎಡಗಡೆಯ ಶಾಮಿಯಾನದ ಹತ್ತಿರ ನನಗೆ ಹೆಸರು ಬರೆಸಿ.